ಈರುಳ್ಳಿ ಬೇರಲ್ಲಿ ಮೈಟಾಸಿಸ್, ಈರುಳ್ಳಿ ಮೊಗ್ಗಲ್ಲಿ ಮಿಯಾಸಿಸ್: ಕೋಶ ವಿಭಜನೆಯನ್ನು ಕಣ್ಣಾರೆ ನೋಡುವ ಸಮಗ್ರ ಮಾರ್ಗದರ್ಶಿ

ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್. ಪಿಯುಸಿಯಲ್ಲಿ ವಿಜ್ಞಾನ ಓದಿದವರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಕೋಶ ವಿಭಜನೆಯ ಈ ನಾಲ್ಕು ಹಂತಗಳ ಹೆಸರು ಪಟಪಟ ಹೇಳುತ್ತಾರೆ. ಒಂದು ಕೋಶ ತನ್ನ ಹಾಗೆಯೇ ಇರುವ ಎರಡು ಕೋಶವಾಗುವುದು ಮೈಟಾಸಿಸ್, ಪರಾಗ, ಅಂಡಾಣುಗಳಿಗಾಗಿ ವರ್ಣತಂತುಗಳ ಸಂಖ್ಯೆ ಅರ್ಧವಾಗುವ ವಿಭಜನೆ ಮಿಯಾಸಿಸ್ ಅನ್ನುವುದೂ ಅವರಿಗೆ ಗೊತ್ತು. ಆದರೆ ಮೈಟಾಸಿಸ್‌ನ ಅನಾಫೇಸ್‌ನಲ್ಲಿ ಯಾವುದು ಯಾವುದರಿಂದ ಬೇರೆಯಾಗುತ್ತದೆ, ಮಿಯಾಸಿಸ್‌ನ ಮೊದಲ ಅನಾಫೇಸ್‌ನಲ್ಲಿ ಯಾವುದು ಯಾವುದರಿಂದ ಬೇರೆಯಾಗುತ್ತದೆ ಅಂತ ಕೇಳಿ ನೋಡಿ, ಬಹಳ ಜನ ತಡವರಿಸುತ್ತಾರೆ. ಇಡೀ ಪಾಠದ ಗುಟ್ಟು ಇರುವುದೇ ಆ ಪ್ರಶ್ನೆಯಲ್ಲಿ.

ಅದಕ್ಕೇ ಹೆಸರುಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈಗ ಯಾವುದು ಯಾವುದನ್ನು ಹಿಡಿದುಕೊಂಡಿದೆ, ಯಾವಾಗ ಬಿಡುತ್ತದೆ? ಇದೊಂದು ಗೊತ್ತಿದ್ದರೆ ಹೆಸರು ಮರೆತರೂ ಚಿತ್ರ ಬರೆಯಬಹುದು. ಹೆಸರು ಮಾತ್ರ ಗೊತ್ತಿದ್ದು ಇದು ಗೊತ್ತಿಲ್ಲದಿದ್ದರೆ, ಪರೀಕ್ಷೆ ಮುಗಿದ ಮಾರನೇ ದಿನ ಎಲ್ಲಾ ಮರೆತುಹೋಗುತ್ತದೆ.

ಕೆಲಸ ಮೂರು ಭಾಗ. ಮೊದಲು ಮೇಜಿನ ಮೇಲೆ ಉಲ್ಲನ್ ದಾರ, ಆಮೇಲೆ ಈರುಳ್ಳಿಯ ಬೇರು, ಕೊನೆಗೆ ಈರುಳ್ಳಿಯ ಹೂಮೊಗ್ಗು. ದಾರದ ಕೆಲಸ ಮನೆಯಲ್ಲೇ ಆಗುತ್ತದೆ. ಉಳಿದೆರಡಕ್ಕೆ ಶಾಲೆಯ ಅಥವಾ ಕಾಲೇಜಿನ ಲ್ಯಾಬ್ ಬೇಕು, ಜೊತೆಗೆ ಮೇಷ್ಟ್ರೋ ಮೇಡಮ್ಮೋ ಇರಬೇಕು. ಆಸಿಡ್ ಜೊತೆ ಕೆಲಸ, ಹುಡುಗಾಟ ಬೇಡ.

ಭಾಗ 1: ಮೇಜಿನ ಮೇಲೆ ದಾರ

ಕೆಂಪು ಮತ್ತು ನೀಲಿ ಉಲ್ಲನ್ ದಾರ ತಗೊಳ್ಳಿ. ಕೆಂಪು ತಾಯಿಯಿಂದ ಬಂದದ್ದು, ನೀಲಿ ತಂದೆಯಿಂದ ಬಂದದ್ದು ಅಂತ ಇಟ್ಟುಕೊಳ್ಳೋಣ. ಪ್ರತಿ ಬಣ್ಣದಲ್ಲೂ ಒಂದು ಉದ್ದ ಎಳೆ, ಒಂದು ಗಿಡ್ಡ ಎಳೆ ಕತ್ತರಿಸಿ. ಒಟ್ಟು ನಾಲ್ಕು ವರ್ಣತಂತು (ಕ್ರೋಮೋಸೋಮ್, ಕೋಶದ ಡಿಎನ್‌ಎ ಇರುವ ಎಳೆ), ಅಂದರೆ ಎರಡು ಜೋಡಿ. ಉದ್ದ ಕೆಂಪು ಮತ್ತು ಉದ್ದ ನೀಲಿ ಒಂದು ಜೋಡಿ, ಗಿಡ್ಡ ಕೆಂಪು ಮತ್ತು ಗಿಡ್ಡ ನೀಲಿ ಇನ್ನೊಂದು ಜೋಡಿ.

ವಿಭಜನೆ ಶುರುವಾಗುವ ಮುಂಚೆಯೇ ಕೋಶ ತನ್ನ ಡಿಎನ್‌ಎಯನ್ನೆಲ್ಲಾ ನಕಲು ಮಾಡಿಕೊಂಡಿರುತ್ತದೆ. ಹಾಗಾಗಿ ಪ್ರತಿ ಎಳೆಗೂ ಅದೇ ಬಣ್ಣದ, ಅದೇ ಉದ್ದದ ಇನ್ನೊಂದು ಎಳೆ ಕತ್ತರಿಸಿ, ಎರಡನ್ನೂ ನಡುವೆ ಸೇರಿಸಿ ಒಂದು ಗಂಟು ಹಾಕಿ. ಈ ಅವಳಿ ಎಳೆಗಳೇ ಸೋದರಿ ಕ್ರೊಮ್ಯಾಟಿಡ್‌ಗಳು. ಗಂಟಿರುವ ಜಾಗ ಸೆಂಟ್ರೊಮಿಯರ್.

ಈಗ ಮೇಜಿನ ಮೇಲೆ ಎಷ್ಟು ವರ್ಣತಂತು ಇವೆ? ಎಂಟು ಅನ್ನಬೇಡಿ. ನಾಲ್ಕೇ. ಎಳೆ ಎಣಿಸಬಾರದು, ಗಂಟು ಎಣಿಸಬೇಕು. ಪರೀಕ್ಷೆಯಲ್ಲಿ ಜಾಸ್ತಿ ಅಂಕ ಹೋಗುವುದು ಈ ಒಂದೇ ಜಾಗದಲ್ಲಿ, ಆದ್ದರಿಂದ ಇಲ್ಲಿ ಆತುರ ಬೇಡ. ಡಿಎನ್‌ಎ ದುಪ್ಪಟ್ಟಾಗಿದೆ, ವರ್ಣತಂತುಗಳ ಸಂಖ್ಯೆ ಬದಲಾಗಿಲ್ಲ.

ಮೈಟಾಸಿಸ್ ಮಾಡೋಣ. ನಾಲ್ಕೂ ಗಂಟುಗಳನ್ನು ಮೇಜಿನ ನಡುವೆ ಒಂದೇ ಸಾಲಿನಲ್ಲಿ ಇಡಿ. ಕೆಂಪು, ನೀಲಿ ಅಂತ ಯಾವ ಕ್ರಮವೂ ಬೇಡ, ಇಲ್ಲಿ ಜೋಡಿಗಳಿಗೆ ಒಂದಕ್ಕೊಂದರ ಗೊಡವೆಯೇ ಇಲ್ಲ. ಈಗ ಗಂಟುಗಳನ್ನೆಲ್ಲಾ ಒಟ್ಟಿಗೆ ಬಿಚ್ಚಿ, ಪ್ರತಿ ಅವಳಿಯಲ್ಲಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಎಳೆಯಿರಿ. ಎರಡೂ ಕಡೆ ನಾಲ್ಕು ನಾಲ್ಕು, ಅದೇ ಉದ್ದ, ಅದೇ ಬಣ್ಣ. ಮೈಟಾಸಿಸ್ ಮುಗಿಯಿತು.

ದಾರಗಳನ್ನು ಮತ್ತೆ ಗಂಟು ಹಾಕಿ ಮೊದಲಿನಂತೆ ಇಡಿ. ಈಗ ಮಿಯಾಸಿಸ್. ಸಾಲಿಗೆ ಇಡುವ ಮುಂಚೆ ಇಲ್ಲೊಂದು ಹೊಸ ಕೆಲಸ ಇದೆ: ಉದ್ದ ಕೆಂಪನ್ನು ಉದ್ದ ನೀಲಿಯ ಪಕ್ಕಕ್ಕೆ ತಂದು ತಾಗಿಸಿ, ಗಿಡ್ಡ ಕೆಂಪನ್ನು ಗಿಡ್ಡ ನೀಲಿಯ ಪಕ್ಕಕ್ಕೆ. ಜೋಡಿಗಳು ಒಂದನ್ನೊಂದು ಹುಡುಕಿಕೊಂಡು ಬರುವುದು ಮಿಯಾಸಿಸ್‌ನಲ್ಲಿ ಮಾತ್ರ. ಆಮೇಲೆ ಕತ್ತರಿ ತಗೊಂಡು ಒಂದು ಕೆಂಪು ಎಳೆಯ ತುದಿ, ಒಂದು ನೀಲಿ ಎಳೆಯ ತುದಿ ಕತ್ತರಿಸಿ ಅದಲು ಬದಲು ಮಾಡಿ ಅಂಟಿಸಿ. ಕ್ರಾಸಿಂಗ್ ಓವರ್ ಅಂದರೆ ಇಷ್ಟೇ. ಇದು ಬರೀ ಗುಣಗಳನ್ನು ಕಲಸುವ ಕೆಲಸ ಅಂದುಕೊಂಡವರು ಜಾಸ್ತಿ, ಆದರೆ ಜೋಡಿಯನ್ನು ಒಟ್ಟಿಗೆ ಹಿಡಿದಿಡುವುದೂ ಇದೇ. ಈ ಕೊಂಡಿ ಬೀಳದಿದ್ದರೆ ಜೋಡಿ ಸಾಲಿಗೆ ಬರುವ ಮುಂಚೆಯೇ ಬಿಟ್ಟುಹೋಗಿ ಎಲ್ಲೆಲ್ಲೋ ಸೇರಿಕೊಳ್ಳುತ್ತವೆ.

ಜೋಡಿಗಳನ್ನು ಜೋಡಿಯಾಗಿಯೇ ನಡುವೆ ಇಡಿ. ಉದ್ದ ಕೆಂಪು ಯಾವ ಕಡೆ ಇರಬೇಕು? ನಾಣ್ಯ ಚಿಮ್ಮಿಸಿ. ಗಿಡ್ಡ ಜೋಡಿಗೆ ಇನ್ನೊಮ್ಮೆ ಚಿಮ್ಮಿಸಿ. ಈಗ ಎಳೆಯಿರಿ, ಆದರೆ ಗಂಟು ಬಿಚ್ಚಬೇಡಿ! ಪ್ರತಿ ಜೋಡಿಯಲ್ಲೂ ಕೆಂಪು ಅವಳಿ ಇಡಿಯಾಗಿ ಒಂದು ಕಡೆ, ನೀಲಿ ಅವಳಿ ಇಡಿಯಾಗಿ ಇನ್ನೊಂದು ಕಡೆ. ಪ್ರತಿ ಕಡೆ ಎರಡೇ ಗಂಟು. ಸಂಖ್ಯೆ ಅರ್ಧವಾದದ್ದು ಇಲ್ಲಿ, ಮೊದಲ ವಿಭಜನೆಯಲ್ಲಿ. ಮುಂದೆ ನಕಲು ಮಾಡುವ ಕೆಲಸ ಇಲ್ಲವೇ ಇಲ್ಲ, ನೇರವಾಗಿ ಎರಡನೇ ವಿಭಜನೆ: ಎರಡೂ ಕಡೆ ಗಂಟು ಬಿಚ್ಚಿ, ಅವಳಿಗಳನ್ನು ಬೇರೆ ಮಾಡಿ. ನಾಲ್ಕು ಗುಂಪು, ಪ್ರತಿಯೊಂದರಲ್ಲೂ ಒಂದು ಉದ್ದ, ಒಂದು ಗಿಡ್ಡ. ಕತ್ತರಿಸಿ ಅಂಟಿಸಿದ ಎಳೆಗಳು ಇರುವುದರಿಂದ ಅವು ಒಂದರ ಹಾಗೆ ಒಂದಿಲ್ಲ.

ನಾಣ್ಯದ ಲೆಕ್ಕ ಸ್ವಲ್ಪ ಮುಂದುವರಿಸಿ ನೋಡಿ. ಎರಡು ಜೋಡಿಗೆ 4 ಬಗೆಯ ಹಂಚಿಕೆ. ಈರುಳ್ಳಿಗೆ 8 ಜೋಡಿ, ಅಂದರೆ 256 ಬಗೆ. ಮನುಷ್ಯರಿಗೆ 23 ಜೋಡಿ, ಅಂದರೆ 83,88,608 ಬಗೆ. ಇದರಲ್ಲಿ ಕ್ರಾಸಿಂಗ್ ಓವರ್ ಲೆಕ್ಕವೇ ಸೇರಿಲ್ಲ. ಅಣ್ಣ ತಮ್ಮ ಒಂದೇ ಥರ ಇಲ್ಲ ಅಂತ ಆಶ್ಚರ್ಯ ಪಡುವ ಹಾಗೇನೂ ಇಲ್ಲ, ಅಲ್ವಾ?

ಕೋಶದೊಳಗೆ ಈ ಗಂಟಿನ ಕೆಲಸ ಮಾಡುವುದು ಕೊಹೆಸಿನ್ ಎಂಬ ಪ್ರೋಟೀನು. ಅದನ್ನು ಕತ್ತರಿಸಲು ಸೆಪರೇಸ್ ಎಂಬ ಕಿಣ್ವ ಇದೆ. ಮೈಟಾಸಿಸ್‌ನಲ್ಲಿ ಎಲ್ಲಾ ವರ್ಣತಂತುಗಳಿಗೂ ಎರಡೂ ಕಡೆಯಿಂದ ಸ್ಪಿಂಡಲ್ ಎಳೆ (ವರ್ಣತಂತುವನ್ನು ಹಿಡಿದು ಎಳೆಯುವ ನೂಲು) ಸಿಕ್ಕಿದ ಮೇಲಷ್ಟೇ ಸೆಪರೇಸ್‌ಗೆ ಬಿಡುಗಡೆ. ಒಂದೇ ಒಂದು ವರ್ಣತಂತು ಸಿಕ್ಕಿಹಾಕಿಕೊಳ್ಳದೆ ಉಳಿದಿದ್ದರೂ ಇಡೀ ಕೋಶ ಕಾಯುತ್ತದೆ. ಮಿಯಾಸಿಸ್‌ನ ಮೊದಲ ಸುತ್ತಿನಲ್ಲಿ ಸೆಪರೇಸ್ ತೋಳುಗಳ (ಸೆಂಟ್ರೊಮಿಯರ್‌ನಿಂದ ಆಚೀಚೆ ಚಾಚಿದ ಭಾಗ) ಮೇಲಿನ ಕೊಹೆಸಿನ್ ಕತ್ತರಿಸುತ್ತದೆ, ಸೆಂಟ್ರೊಮಿಯರ್ ಹತ್ತಿರದ್ದನ್ನು ಮುಟ್ಟುವುದಿಲ್ಲ, ಯಾಕೆಂದರೆ ಅಲ್ಲಿ ಶುಗೋಷಿನ್ ಎಂಬ ಇನ್ನೊಂದು ಪ್ರೋಟೀನು ಕಾವಲಿದೆ. ಎರಡನೇ ಸುತ್ತಿಗೆ ಆ ಕಾವಲು ಹೋಗುತ್ತದೆ, ಗಂಟು ಬಿಚ್ಚುತ್ತದೆ. ನೀವು ಮೇಜಿನ ಮೇಲೆ ಮಾಡಿದ್ದೂ ಇದನ್ನೇ.

ಭಾಗ 2: ಬೇರಿನ ತುದಿ, ಮೈಟಾಸಿಸ್

ಈರುಳ್ಳಿಯನ್ನೇ ಯಾಕೆ ಆರಿಸುತ್ತಾರೆ? ಸುಲಭವಾಗಿ ಸಿಗುತ್ತದೆ, ಬೇರು ಬೇಗ ಬರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಅದರ ವರ್ಣತಂತುಗಳು ದೊಡ್ಡವು ಮತ್ತು ಬರೀ 16. ಬೆಳ್ಳುಳ್ಳಿಯಲ್ಲೂ 16, ಅದರ ಎಸಳು ಬಳಸಿದರೂ ನಡೆಯುತ್ತದೆ. (ಕಡಿಮೆ ಸಂಖ್ಯೆಯ ಮಾತು ಬಂದಿದ್ದರಿಂದ ಹೇಳಿಬಿಡುತ್ತೇನೆ: ಭಾರತದ ಕಾಡುಕುರಿಯಲ್ಲಿ (ಬೊಗಳುವ ಜಿಂಕೆ) ಹೆಣ್ಣಿಗೆ 6, ಗಂಡಿಗೆ 7 ವರ್ಣತಂತು. ಸಸ್ತನಿಗಳಲ್ಲೇ ಇಷ್ಟು ಕಡಿಮೆ ಬೇರೆಲ್ಲೂ ಕಂಡಿಲ್ಲ.)

ಬೇಕಾದದ್ದು: ಮೊಳಕೆ ಬರದ ಗಟ್ಟಿ ಈರುಳ್ಳಿ, ಗಾಜಿನ ಲೋಟ, ಬ್ಲೇಡ್, ಸೂಜಿ, ಸ್ಲೈಡ್, ಕವರ್ ಸ್ಲಿಪ್, ಬ್ಲಾಟಿಂಗ್ ಪೇಪರ್, ಈಥೈಲ್ ಆಲ್ಕೋಹಾಲ್, ಅಸಿಟಿಕ್ ಆಸಿಡ್, 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್, ಅಸಿಟೋಕಾರ್ಮಿನ್ ಬಣ್ಣ, 40ರ ಲೆನ್ಸ್ ಇರುವ ಮೈಕ್ರೋಸ್ಕೋಪ್.

1. ಈರುಳ್ಳಿಯ ಬುಡದ ಒಣಬೇರುಗಳನ್ನು ಬ್ಲೇಡಿನಿಂದ ಕೆರೆದು ತೆಗೆಯಿರಿ. ಒಳಗಿನ ತಟ್ಟೆ ಕತ್ತರಿಸಿಹೋಗಬಾರದು, ಹೊಸಬೇರು ಹುಟ್ಟುವುದು ಅಲ್ಲಿಂದಲೇ. ಲೋಟದ ತುಂಬಾ ನೀರಿಟ್ಟು, ಬುಡ ಮಾತ್ರ ನೀರಿಗೆ ತಾಗುವ ಹಾಗೆ ಈರುಳ್ಳಿ ಕೂರಿಸಿ. ಪೂರ್ತಿ ಮುಳುಗಿದರೆ ಕೊಳೆಯುತ್ತದೆ. ದಿನಾ ನೀರು ಬದಲಿಸಿ. ಎರಡು ಮೂರು ದಿನದಲ್ಲಿ ಒಂದೆರಡು ಸೆಂಟಿಮೀಟರ್ ಬೇರು ಬಂದಿರುತ್ತದೆ. ಬಾರದಿದ್ದರೆ ಈರುಳ್ಳಿ ಬದಲಿಸಿ, ಸುಮ್ನೆ ಕಾಯಬೇಡಿ.

2. ಬೆಳಿಗ್ಗೆ 8ರಿಂದ 10ರೊಳಗೆ ತುದಿಗಳನ್ನು ಕತ್ತರಿಸಿ, ತಕ್ಷಣ ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಸಿಡ್ ಬೆರೆಸಿದ ದ್ರವಕ್ಕೆ ಹಾಕಿ. ಈ ಮಿಶ್ರಣ ಅವತ್ತೇ ಮಾಡಿದ್ದಿರಬೇಕು. ಕೋಶಗಳು ಇದ್ದ ಸ್ಥಿತಿಯಲ್ಲೇ ನಿಂತುಬಿಡುತ್ತವೆ. ಒಂದು ದಿನ ಬಿಟ್ಟು 70 ಶೇಕಡಾ ಆಲ್ಕೋಹಾಲ್‌ಗೆ ವರ್ಗಾಯಿಸಿ.

3. ಒಂದೆರಡು ಬೇರನ್ನು ನೀರಲ್ಲಿ ತೊಳೆದು, 60 ಡಿಗ್ರಿ ಬಿಸಿಯ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಐದರಿಂದ ಎಂಟು ನಿಮಿಷ ಇಡಿ. ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಕರಗುವುದು ಇಲ್ಲಿ. ಈ ಹಂತ ಬಿಟ್ಟರೆ ಬೇರನ್ನು ಎಷ್ಟು ಒತ್ತಿದರೂ ಕೋಶಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಜಾಸ್ತಿ ಹೊತ್ತಾದರೆ ಬೇರು ಕೈಗೇ ಸಿಗುವುದಿಲ್ಲ. ತೆಗೆದು ಚೆನ್ನಾಗಿ ತೊಳೆಯಿರಿ.

4. ಅಸಿಟೋಕಾರ್ಮಿನ್‌ನಲ್ಲಿ 20 ನಿಮಿಷ ಇಡಿ. ಪಾಪಾಸುಕಳ್ಳಿಯ ಜಾತಿಯ ಗಿಡಗಳ ಮೇಲೆ ಬದುಕುವ ಕೊಚಿನೀಲ್ ಎಂಬ ಹುಳದಿಂದ ಬರುವ ಬಣ್ಣ ಇದು. ಬೇರಿನ ಉಳಿದ ಭಾಗಕ್ಕಿಂತ ತುದಿ ಕಡುಕೆಂಪಾಗುತ್ತದೆ. ವಿಭಜನೆ ನಡೆಯುವುದು ಅಲ್ಲೇ, ಕೊನೆಯ ಒಂದೆರಡು ಮಿಲಿಮೀಟರ್‌ನಲ್ಲಿ.

5. ಆ ಕಡುಕೆಂಪು ತುದಿ ಮಾತ್ರ ಸ್ಲೈಡ್ ಮೇಲೆ ಉಳಿಸಿ, ಬಾಕಿಯನ್ನು ಕತ್ತರಿಸಿ ಬಿಸಾಕಿ. ಇಡೀ ಬೇರು ಒತ್ತುವವರೇ ಜಾಸ್ತಿ, ಆಮೇಲೆ ಉದ್ದುದ್ದ ಕೋಶಗಳನ್ನು ನೋಡಿ ಏನೂ ಕಾಣಲ್ಲ ಅಂತ ಬೇಸರ ಮಾಡಿಕೊಳ್ಳುತ್ತಾರೆ. ಒಂದು ಹನಿ ಬಣ್ಣ ಹಾಕಿ, ಕವರ್ ಸ್ಲಿಪ್ ಇಟ್ಟು, ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಮೆಲ್ಲಗೆ ತಟ್ಟಿ. ಬ್ಲಾಟಿಂಗ್ ಪೇಪರ್ ಮುಚ್ಚಿ ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಿ. ಪಕ್ಕಕ್ಕೆ ಜಾರಿಸಿದರೆ ಕೋಶ ಸುರುಳಿ ಸುತ್ತಿಕೊಳ್ಳುತ್ತವೆ, ಸ್ಲೈಡ್ ಕೆಟ್ಟಹಾಗೆ.

ಈಗ ನೋಡುವುದು. 10ರ ಲೆನ್ಸ್‌ನಲ್ಲಿ ಚೌಕಾಕಾರದ, ಒಳಗೆ ದೊಡ್ಡ ಕೋಶಕೇಂದ್ರ ಇರುವ ಸಣ್ಣ ಕೋಶಗಳ ಗುಂಪು ಹುಡುಕಿ. ಸಿಕ್ಕ ಮೇಲೆ 40ಕ್ಕೆ ಹೋಗಿ.

ಬಹುಪಾಲು ಕೋಶಗಳಲ್ಲಿ ಬರೀ ಗುಂಡಗಿನ ಕೋಶಕೇಂದ್ರ ಕಾಣುತ್ತದೆ. ಅದು ಇಂಟರ್‌ಫೇಸ್. ಸುಮ್ಮನಿರುವಂತೆ ಕಂಡರೂ ಡಿಎನ್‌ಎ ನಕಲು ಆಗುವುದು ಇದೇ ಅವಧಿಯಲ್ಲಿ. ಕೆಲವು ಕೋಶಕೇಂದ್ರ ಎಳೆ ಎಳೆಯಾಗಿ ಕಂಡರೆ ಪ್ರೊಫೇಸ್. ಎಳೆಗಳು ದಪ್ಪಗೆ, ಗಿಡ್ಡಗೆ ಆಗಿ ನಡುವೆ ಸಾಲಾಗಿ ನಿಂತಿದ್ದರೆ ಮೆಟಾಫೇಸ್. ಎರಡು ಗುಂಪಾಗಿ ಬೇರೆಯಾಗುತ್ತಿದ್ದರೆ ಅನಾಫೇಸ್, ಇಲ್ಲಿ ತೋಳುಗಳು ಹಿಂದೆ ಜೋಲಾಡುತ್ತಿರುವುದನ್ನು ಗಮನಿಸಿ. ಸ್ಪಿಂಡಲ್ ಎಳೆಗಳು ಹಿಡಿದಿರುವುದು ಸೆಂಟ್ರೊಮಿಯರ್ ಅನ್ನು, ಆದ್ದರಿಂದ ಅದು ಮುಂದೆ, ತೋಳು ಹಿಂದೆ. ಆ ಕ್ಷಣದಲ್ಲಿ ಒಂದೇ ಕೋಶದಲ್ಲಿ 32 ವರ್ಣತಂತು ಇರುತ್ತವೆ, ಪ್ರತಿ ಕಡೆಗೆ 16. ಗಂಟು ಬಿಚ್ಚಿತಲ್ಲ, ಈಗ ಪ್ರತಿ ಎಳೆಯೂ ಸ್ವತಂತ್ರ. ಟೀಲೋಫೇಸ್‌ನಲ್ಲಿ ಎರಡು ಕೋಶಕೇಂದ್ರಗಳ ನಡುವೆ ತೆಳುವಾದ ಗೆರೆ ಹುಡುಕಿ, ಅದೇ ಹೊಸ ಗೋಡೆ. ಗಿಡದ ಕೋಶದಲ್ಲಿ ಅದು ನಡುವಿನಿಂದ ಹುಟ್ಟಿ ಅಂಚಿನ ಕಡೆ ಬೆಳೆಯುತ್ತದೆ. ಪ್ರಾಣಿಕೋಶಕ್ಕೆ ಗಟ್ಟಿ ಗೋಡೆ ಇಲ್ಲ, ಅದು ಹೊರಗಿನಿಂದ ಒಳಕ್ಕೆ ಚಿವುಟಿಕೊಂಡು ಎರಡಾಗುತ್ತದೆ.

ಒಂದು ಮಾತು ನೆನಪಿರಲಿ, ಸ್ಲೈಡಿನ ಮೇಲಿರುವುದೆಲ್ಲಾ ಸತ್ತ ಕೋಶ. ಯಾವುದು ಮೊದಲು, ಯಾವುದು ಆಮೇಲೆ ಅಂತ ಅದು ಹೇಳುವುದಿಲ್ಲ, ನಾವೇ ಜೋಡಿಸಿಕೊಳ್ಳಬೇಕು. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಸಲಮಾಂಡರ್ ಮರಿಗಳ ದೊಡ್ಡ ಕೋಶಗಳಿಗೆ ಬಣ್ಣ ಹಾಕಿ, ಜೀವಂತ ಕೋಶಗಳಲ್ಲಿ ಕಂಡದ್ದರ ಜೊತೆ ತಾಳೆ ನೋಡಿ ಈ ಕ್ರಮವನ್ನು 1882ರ ಪುಸ್ತಕದಲ್ಲಿ ಬರೆದ. ಮೈಟಾಸಿಸ್ ಅಂತ ಹೆಸರಿಟ್ಟವನೂ ಅವನೇ.

ಎಣಿಕೆಯಿಂದ ಸಮಯವನ್ನೂ ಅಂದಾಜು ಮಾಡಬಹುದು, ಇದು ನನಗೆ ತುಂಬಾ ಇಷ್ಟವಾದ ಕೆಲಸ. ಬೇರಿನ ಕೋಶಗಳೆಲ್ಲಾ ಒಟ್ಟಿಗೆ ವಿಭಜನೆ ಶುರು ಮಾಡುವುದಿಲ್ಲ, ಒಂದೊಂದು ಒಂದೊಂದು ಹಂತದಲ್ಲಿರುತ್ತದೆ. ಹಾಗಾಗಿ ಯಾವ ಹಂತಕ್ಕೆ ಹೆಚ್ಚು ಹೊತ್ತು ಬೇಕೋ ಆ ಹಂತದ ಕೋಶಗಳು ಹೆಚ್ಚು ಸಿಗುತ್ತವೆ. ನೂರಾರು ಕೋಶ ಎಣಿಸಿ ಪಟ್ಟಿ ಮಾಡಿ. ಪ್ರೊಫೇಸ್ ಎಷ್ಟೊಂದು, ಅನಾಫೇಸ್ ಎಷ್ಟು ವಿರಳ ಅಂತ ನೋಡಿದರೆ, ಬಿಚ್ಚಿ ಎಳೆಯುವ ಕೆಲಸ ಎಷ್ಟು ಬೇಗ ಮುಗಿಯುತ್ತದೆ ಅಂತ ತಾನಾಗಿ ಗೊತ್ತಾಗುತ್ತದೆ. ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಕೋಶಕ್ಕೆ ಒಂದು ಸುತ್ತಿಗೆ ಸುಮಾರು 24 ಗಂಟೆ ಬೇಕು, ಅದರಲ್ಲಿ ವಿಭಜನೆ ಸುಮಾರು ಒಂದೇ ಗಂಟೆ.

16 ಅನ್ನು ಸ್ಪಷ್ಟವಾಗಿ ಎಣಿಸಬೇಕು ಅನ್ನುವವರಿಗೆ ಮೆಟಾಫೇಸ್‌ನಲ್ಲಿ ನಿಂತ ಕೋಶಗಳು ಬೇಕು. ಸುಲಭದ ದಾರಿ ಎಂದರೆ ಬೇರುಗಳನ್ನು ದ್ರವಕ್ಕೆ ಹಾಕುವ ಮುಂಚೆ ಒಂದು ದಿನ ಐಸ್ ನೀರಲ್ಲಿ ಇಡುವುದು. ಚಳಿಗೆ ಸ್ಪಿಂಡಲ್ ಎಳೆಗಳು ಕಳಚಿಕೊಳ್ಳುತ್ತವೆ, ಎಳೆಯುವವರಿಲ್ಲದೆ ವರ್ಣತಂತು ಅಲ್ಲೇ ಉಳಿಯುತ್ತವೆ. ದೊಡ್ಡ ಲ್ಯಾಬುಗಳಲ್ಲಿ ಇದೇ ಕೆಲಸಕ್ಕೆ, ಸ್ಪಿಂಡಲ್ ಎಳೆ ಕಟ್ಟಲು ಬಿಡದ ಕಾಲ್ಚಿಸಿನ್ ಎಂಬ ರಾಸಾಯನಿಕ ಬಳಸುತ್ತಾರೆ. ಸ್ವೀಡನ್ನಿನ ಆಲ್ಬರ್ಟ್ ಲೆವಾನ್ ಇದನ್ನು ಈರುಳ್ಳಿ ಬೇರಿನ ಮೇಲೆ ಪ್ರಯೋಗಿಸಿ 1938ರಲ್ಲಿ ಬರೆದಿದ್ದ. ಅದೇ ಲೆವಾನ್ ಮತ್ತು ಜೋ ಹಿನ್ ಟಿಯೋ ಸೇರಿ ಮನುಷ್ಯರಿಗೆ 48 ಅಲ್ಲ, 46 ವರ್ಣತಂತು ಅಂತ 1956ರಲ್ಲಿ ತೋರಿಸಿದರು. ನಮ್ಮ ಅಗ್ನಿಶಿಖೆಯ ಗೆಡ್ಡೆಯಲ್ಲೂ ಕಾಲ್ಚಿಸಿನ್ ಇದೆ, ಆದರೆ ಅದು ಜೀವ ತೆಗೆಯುವ ವಿಷ. ಅದನ್ನು ಕಿತ್ತು ತಂದು ಪ್ರಯೋಗ ಮಾಡುವ ಯೋಚನೆ ಖಂಡಿತಾ ಬೇಡ.

ಭಾಗ 3: ಹೂಮೊಗ್ಗು, ಮಿಯಾಸಿಸ್

ಇದು ತುಸು ಕಷ್ಟ, ಯಾಕೆಂದರೆ ಬೇರಿನ ಹಾಗೆ ಯಾವಾಗ ಬೇಕಾದರೂ ಸಿಗುವುದಿಲ್ಲ. ಈರುಳ್ಳಿ ಹೂ ಬಿಡುವ ಕಾಲಕ್ಕೆ ಕಾಯಬೇಕು. ಗದಗ, ಧಾರವಾಡದ ಕಡೆ ಬೀಜಕ್ಕೆ ಅಂತ ಉಳ್ಳಾಗಡ್ಡಿ ನೆಡುವವರ ಹೊಲದಲ್ಲಿ ಹೂವಿನ ಒಂದು ಚೆಂಡು ಕೇಳಿದರೆ ಬೇಡ ಅನ್ನಲಾರರು. ಸುತ್ತಿಕೊಂಡಿರುವ ತೆಳು ಪೊರೆ ಇನ್ನೂ ಬಿರಿಯದ ಅಥವಾ ಈಗಷ್ಟೇ ಬಿರಿಯುತ್ತಿರುವ ಚೆಂಡು ಬೇಕು. ಅರಳಿದ ಹೂ ತಂದರೆ ಪ್ರಯೋಜನವಿಲ್ಲ, ಮಿಯಾಸಿಸ್ ಎಂದೋ ಮುಗಿದಿರುತ್ತದೆ.

ಬೆಳಿಗ್ಗೆಯೇ ಕಿತ್ತು, ಪೊರೆ ಸೀಳಿ, ಅದೇ ಮೂರಕ್ಕೊಂದು ಮಿಶ್ರಣದಲ್ಲಿ ಒಂದು ದಿನ ಇಡಿ. ಒಂದು ಚೆಂಡಿನಲ್ಲಿ ನೂರಾರು ಮೊಗ್ಗು, ಎಲ್ಲವೂ ಒಂದೇ ವಯಸ್ಸಿನವಲ್ಲ. ಅದೇ ನಮ್ಮ ಅನುಕೂಲ. ತೀರಾ ಸಣ್ಣದು, ನಡುವಿನದು, ದೊಡ್ಡದು ಅಂತ ಬೇರ್ಪಡಿಸಿ. ನಡುವಿನದರಿಂದ ಶುರು ಮಾಡಿ.

ಮೊಗ್ಗನ್ನು ಸೂಜಿಯಿಂದ ಬಿಡಿಸಿದರೆ ಒಳಗೆ 6 ಕೇಸರ. ಅವುಗಳ ಪರಾಗಕೋಶ ಹಳದಿಯಾಗಿದ್ದರೆ ಬಿಟ್ಟುಬಿಡಿ, ಪರಾಗ ಆಗಲೇ ತಯಾರಾಗಿದೆ. ಬೆಳಕು ದಾಟುವಷ್ಟು ತಿಳಿಯಾಗಿದ್ದರೆ ಅದೇ ಬೇಕಾದದ್ದು. ಒಂದು ಪರಾಗಕೋಶವನ್ನು ಸ್ಲೈಡ್ ಮೇಲಿಟ್ಟು, ಅಸಿಟೋಕಾರ್ಮಿನ್ ಹನಿ ಹಾಕಿ, ಕಬ್ಬಿಣದ ಸೂಜಿಯಿಂದ ಕುಟ್ಟಿ. ಸ್ಟೀಲ್ ಅಲ್ಲ, ಕಬ್ಬಿಣವೇ ಇರಲಿ, ಸ್ವಲ್ಪ ಕಬ್ಬಿಣ ಬೆರೆತರೆ ಬಣ್ಣ ಗಾಢವಾಗುತ್ತದೆ. ಕೋಶಗಳು ಹೊರಬಂದ ಮೇಲೆ ಸಿಪ್ಪೆಯನ್ನೆಲ್ಲಾ ಎತ್ತಿಹಾಕಿ, ಕವರ್ ಸ್ಲಿಪ್ ಇಟ್ಟು, ಸ್ಪಿರಿಟ್ ಲ್ಯಾಂಪ್ ಮೇಲೆ ಒಂದೆರಡು ಸಲ ಹಾಯಿಸಿ. ಕುದಿಯಬಾರದು. ಮೆಲ್ಲಗೆ ಒತ್ತಿ.

ಇಲ್ಲಿನ ಕೋಶಗಳು ಚೌಕವಲ್ಲ, ಗುಂಡಗೆ ದೊಡ್ಡವು. ಮೊದಲ ಪ್ರೊಫೇಸ್ ಉದ್ದವಾದ ಅವಧಿ, ಅದನ್ನೇ ಲೆಪ್ಟೋಟೀನ್‌ನಿಂದ ಡಯಾಕೈನೆಸಿಸ್‌ವರೆಗೆ ಐದು ಹೆಸರು ಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ನೀವು ಹುಡುಕಬೇಕಾದದ್ದು ಕೊನೆಯ ಹೊತ್ತನ್ನು. ಆಗ ಬೇರೆ ಬೇರೆಯಾಗಿ ನಿಂತ 8 ತುಂಡು ಕಾಣುತ್ತವೆ, ಕೆಲವು ಬಳೆಯಾಕಾರ, ಕೆಲವು ಕಡ್ಡಿಯಾಕಾರ. 16 ಅಲ್ಲ, 8! ಪ್ರತಿಯೊಂದೂ ಕೈಹಿಡಿದ ಒಂದು ಜೋಡಿ. ಮೇಜಿನ ಮೇಲೆ ಕತ್ತರಿಸಿ ಅಂಟಿಸಿದ ಆ ಕೊಂಡಿಗಳೇ ಅವನ್ನು ಹಿಡಿದಿರುವುದು. ಎರಡೂ ತುದಿಯಲ್ಲಿ ಕೊಂಡಿ ಇದ್ದರೆ ಬಳೆ, ಒಂದೇ ಕಡೆ ಇದ್ದರೆ ಕಡ್ಡಿ. ಇದು ಕಂಡರೆ ಸಾಕು, ಮಿಯಾಸಿಸ್ ಅರ್ಥವಾಗಿದೆ ಅಂತಲೇ ಲೆಕ್ಕ.

ಮೊದಲ ಅನಾಫೇಸ್‌ನಲ್ಲಿ ಪ್ರತಿ ಕಡೆ 8 ಹೋಗುತ್ತವೆ, ಪ್ರತಿಯೊಂದೂ ಇನ್ನೂ ಅವಳಿಯೇ. ಈರುಳ್ಳಿಯಲ್ಲಿ ಆಗಲೇ ನಡುವೆ ಗೋಡೆ ಏಳುತ್ತದೆ, ಅದರಿಂದ ಎರಡೆರಡು ಕೋಶ ಅಂಟಿಕೊಂಡಿರುವುದು ಚೆನ್ನಾಗಿ ಕಾಣುತ್ತದೆ. ನೋಡುತ್ತಿರುವುದು ಮೊದಲನೆಯದೋ ಎರಡನೆಯದೋ ಅನ್ನುವ ಗೊಂದಲ ಬಂದರೆ ಈ ಗೋಡೆ ನೋಡಿ: ಪಕ್ಕಪಕ್ಕದ ಎರಡು ಅರ್ಧಗಳಲ್ಲಿ ಒಟ್ಟಿಗೆ ವಿಭಜನೆ ನಡೆಯುತ್ತಿದ್ದರೆ ಎರಡನೆಯದು. ಕೊನೆಗೆ ನಾಲ್ಕು ಕೋಶಗಳ ಗುಂಪು. ಅವೇ ಬಿಡಿಬಿಡಿಯಾಗಿ ಪರಾಗವಾಗುತ್ತವೆ.

ಅಂಡಾಣುವಿನ ಕಡೆ ಲೆಕ್ಕ ಬೇರೆ, ನಾಲ್ಕರಲ್ಲಿ ಒಂದೇ ಉಳಿಯುತ್ತದೆ. ಮನುಷ್ಯರಲ್ಲಂತೂ ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮಿಯಾಸಿಸ್ ಶುರುವಾಗಿ, ಮೊದಲ ಪ್ರೊಫೇಸ್‌ನಲ್ಲಿ ನಿಂತುಬಿಡುತ್ತದೆ. ಮುಂದುವರಿಯುವುದು ವರ್ಷಗಟ್ಟಲೆ ಆದಮೇಲೆ, ಆ ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ. ಅಷ್ಟು ವರ್ಷ ಅದೇ ಕೊಹೆಸಿನ್ ಹಿಡಿದುಕೊಂಡಿರಬೇಕು. ತಾಯಿಯ ವಯಸ್ಸು ಹೆಚ್ಚಿದಂತೆ ಹಿಡಿತ ಸಡಿಲವಾಗಿ, ತಪ್ಪು ಹಂಚಿಕೆ ಹೆಚ್ಚಾಗುವುದಕ್ಕೆ ಇದೊಂದು ಮುಖ್ಯ ಕಾರಣ. ಡೌನ್ ಸಿಂಡ್ರೋಮ್‌ನಲ್ಲಿ ಸಾಮಾನ್ಯವಾಗಿ 21ನೇ ವರ್ಣತಂತು ಮೂರು ಇರುತ್ತವೆ, ಒಟ್ಟು 47.

ಜೋಡಿಯೇ ಸಿಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಹೇಸರಗತ್ತೆ ನೋಡಿ: ಕುದುರೆಗೆ 64, ಕತ್ತೆಗೆ 62, ಹೇಸರಗತ್ತೆಗೆ 63. ಮೈಟಾಸಿಸ್‌ಗೆ ಇದರಿಂದ ಏನೂ ತೊಂದರೆ ಇಲ್ಲ, ಪ್ರಾಣಿ ಗಟ್ಟಿಮುಟ್ಟಾಗಿ ಬೆಳೆಯುತ್ತದೆ. ಮಿಯಾಸಿಸ್ ಮಾತ್ರ ಕೈಕೊಡುತ್ತದೆ, ಮರಿ ಆಗುವುದು ತೀರಾ ಅಪರೂಪ. ಪಚ್ಚಬಾಳೆ, ನಂಜನಗೂಡು ರಸಬಾಳೆಯದೂ ಇದೇ ಕತೆ. ಅವಕ್ಕೆ 11ರ ಮೂರು ಸೆಟ್, ಒಟ್ಟು 33. ಮೂರನ್ನು ಜೋಡಿ ಮಾಡುವುದು ಹೇಗೆ? ಬೀಜವಿಲ್ಲ, ಕಂದು ನೆಟ್ಟೇ ಬೆಳೆಸಬೇಕು, ಅಂದರೆ ತೋಟದಿಂದ ತೋಟಕ್ಕೆ ಬರೀ ಮೈಟಾಸಿಸ್.

ಸ್ಲೈಡ್ ಸರಿ ಬರದಿದ್ದರೆ

ಎಲ್ಲಾ ಮಸುಕಾಗಿ ಗುಲಾಬಿ ಬಣ್ಣವಿದ್ದರೆ, ಕವರ್ ಸ್ಲಿಪ್ ಅಂಚಿಗೆ 45 ಶೇಕಡಾ ಅಸಿಟಿಕ್ ಆಸಿಡ್ ಹನಿ ಬಿಟ್ಟು ಇನ್ನೊಂದು ಕಡೆಯಿಂದ ಬ್ಲಾಟಿಂಗ್ ಪೇಪರ್‌ನಲ್ಲಿ ಹೀರಿಸಿ. ಹಿನ್ನೆಲೆ ತಿಳಿಯಾಗುತ್ತದೆ. ಬಣ್ಣವೇ ಹಿಡಿದಿಲ್ಲದಿದ್ದರೆ ಸ್ವಲ್ಪ ಬೆಚ್ಚಗೆ ಮಾಡಿ ನೋಡಿ. ಬೇರಿನಲ್ಲಿ ಬರೀ ಇಂಟರ್‌ಫೇಸ್ ಕಂಡರೆ ಬೇರು ಹಳೆಯದು ಅಥವಾ ತುದಿ ಕಳೆದುಹೋಗಿದೆ, ಇನ್ನೊಂದು ತಗೊಳ್ಳಿ. ಮೊಗ್ಗಿನಲ್ಲಿ ಬರೀ ನಾಲ್ಕರ ಗುಂಪು ಕಂಡರೆ ಇನ್ನೂ ಸಣ್ಣ ಮೊಗ್ಗಿಗೆ ಹೋಗಿ. ಚೆನ್ನಾಗಿ ಬಂದ ಸ್ಲೈಡಿನ ಅಂಚಿಗೆ ನೇಲ್ ಪಾಲಿಷ್ ಹಚ್ಚಿದರೆ ಕೆಲವು ದಿನ ಒಣಗದೆ ಇರುತ್ತದೆ. ಉಳಿದ ಬೇರು, ಮೊಗ್ಗುಗಳನ್ನು 70 ಶೇಕಡಾ ಆಲ್ಕೋಹಾಲ್‌ನಲ್ಲಿ, ಬಾಟಲಿಗೆ ತಾರೀಕು ಬರೆದ ಚೀಟಿ ಅಂಟಿಸಿ ಲ್ಯಾಬಿನ ಫ್ರಿಜ್‌ನಲ್ಲಿಡಿ. ತಿಂಗಳುಗಟ್ಟಲೆ ಬಳಸಬಹುದು.